ಅಮ್ಮನಿಗೆ, ಅಪ್ಪಯ್ಯನ ರಕ್ತದ ವಿಷಯ

ಸ್ಟಾಕ್‌ಹೋಮ್
ಭಾನುವಾರ ರಾತ್ರಿ

ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಬಂತು, ಶುಭಾ ಕಳಿಸಿದ ರಿಪೋರ್ಟೂ ನೋಡಿದೆ. ಕೊಟ್ಟಿಗೆಯಿಂದ ಬಂದ ಅಪ್ಪಯ್ಯ ಜಗುಲಿ ಹತ್ತಲಾಗದೆ ಮೆಟ್ಟಿಲಲ್ಲೇ ಕೂತುಬಿಟ್ಟರು ಅಂತ ಬರೆದಿದ್ದೀಯ. ಇರುವುದೇ ನಾಲ್ಕು ಮೆಟ್ಟಿಲು. ಓದಿ ಆ ರಾತ್ರಿ ನಿದ್ದೆ ಬರಲಿಲ್ಲ.

ಕ್ಯಾನ್ಸರ್ ಜಾಸ್ತಿ ಆಯ್ತಾ ಅಂತ ಕೇಳಿದ್ದೀಯ. ಇಲ್ಲಮ್ಮ. ಆರು ವರ್ಷದಿಂದ ಇರುವ ಸಿ.ಎಲ್.ಎಲ್., ಅಂದರೆ ಆ ರಕ್ತದ ಕ್ಯಾನ್ಸರ್, ಹೋದ ವರ್ಷ ಹೇಗಿತ್ತೋ ಹಾಗೇ ಇದೆ. ಪ್ಲೇಟ್‌ಲೆಟ್ ಸರಿ ಇದೆ. ಕಡಿಮೆಯಾಗಿರುವುದು ಕೆಂಪು ಕಣ ಮಾತ್ರ, ಹಿಮೋಗ್ಲೋಬಿನ್ 5.4. ಅದರ ಕೆಳಗೆ ರೆಟಿಕ್ಯುಲೋಸೈಟ್ 0.2 ಅಂತಿದೆ ನೋಡು. ಅದು ಹೊಸದಾಗಿ ಹುಟ್ಟಿದ ಎಳೆ ಕೆಂಪು ಕಣದ ಲೆಕ್ಕ, ನೂರಕ್ಕೆ ಒಂದಾದರೂ ಇರಬೇಕಿತ್ತು. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಹಳೆಯವು ಹೋಗುತ್ತಿವೆ, ಹೊಸವು ಬರುತ್ತಿಲ್ಲ. ತೋಟದಲ್ಲಿ ಮರ ಸಾಯುತ್ತಿರುವುದಲ್ಲ, ಮಡಿಯಲ್ಲಿ ಸಸಿಯೇ ಏಳುತ್ತಿಲ್ಲ. ಅಪ್ಪಯ್ಯನಿಗೆ ಹೀಗೇ ಹೇಳು, ತಿಳಿಯುತ್ತದೆ. ಇದಕ್ಕೆ ಪ್ಯೂರ್ ರೆಡ್ ಸೆಲ್ ಅಪ್ಲೇಸಿಯಾ ಅಂತಾರೆ. ಸಿ.ಎಲ್.ಎಲ್. ಇರುವ ಕೆಲವರಿಗೆ ಮೈ ಕಾಯಬೇಕಾದ ಕಣಗಳೇ ಮೂಳೆಯ ಮಜ್ಜೆಯಲ್ಲಿ ಕೆಂಪು ಕಣ ಬೆಳೆಯದ ಹಾಗೆ ತಡೆಯುತ್ತವೆ.

ಸೀತತ್ತೆ ಪ್ರೀತಿಯಿಂದ ಬೀಟ್‌ರೂಟ್ ಕಳಿಸುತ್ತಾರೆ, ಪಲ್ಯ ಮಾಡಿ ತಿನ್ನಲಿ. ಆದರೆ ಅದರಿಂದ ರಕ್ತ ಏರುವುದಿಲ್ಲ. ಕಬ್ಬಿಣದ ಟಾನಿಕ್ ಡಾಕ್ಟರು ಹೇಳದೆ ಕೊಡಬೇಡ. ರಕ್ತ ಹಾಕಿಸಿದಾಗಲೆಲ್ಲ ಮೈಯೊಳಗೆ ಕಬ್ಬಿಣ ಸೇರುತ್ತಲೇ ಇರುತ್ತದೆ. ಮೊದಲು ನೋಡಿದ ಡಾಕ್ಟರು ಈ ರೆಟಿಕ್ಯುಲೋಸೈಟ್ ಟೆಸ್ಟ್ ಒಂದನ್ನು ಮಾಡಿಸದೆ ಮೂರು ತಿಂಗಳು ಬರೀ ಕಬ್ಬಿಣದ ಮಾತ್ರೆ ಕೊಟ್ಟರಲ್ಲ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಪಾರ್ವೊವೈರಸ್ ಟೆಸ್ಟಿನ ರಿಪೋರ್ಟ್ ಬಂತಾ ಅಂತ ಶುಭಾ ಕೇಳಲಿ. ಆ ವೈರಸ್ಸಿನಿಂದಲೂ ಹೀಗಾಗುತ್ತದೆ, ಆಗ ಔಷಧಿಯೇ ಬೇರೆ.

ಈಗ ಕೊಟ್ಟಿರುವ ಸ್ಟಿರಾಯ್ಡ್ ಮಾತ್ರೆಯನ್ನು ಊಟ ಆದಮೇಲೆ ಕೊಡು. ಮುಖ ಊದಿತು ಅಂತ ಅಪ್ಪಯ್ಯ ತಾವಾಗೇ ನಿಲ್ಲಿಸಬಾರದು, ಥಟ್ಟನೆ ನಿಲ್ಲಿಸಿದರೆ ಅಪಾಯ. ಸಕ್ಕರೆ ನೋಡಿಸುತ್ತಿರಿ. ಮುಂದೆ ಸೈಕ್ಲೋಸ್ಪೊರಿನ್, ಅಂದರೆ ಹಾಗೆ ತಡೆಯುವ ಕಣಗಳನ್ನು ಅಡಗಿಸುವ ಔಷಧಿ, ಶುರುವಾದರೆ ಬಿ.ಪಿ.ಯನ್ನೂ ಕಿಡ್ನಿಯನ್ನೂ ನೋಡಿಸಬೇಕು. ಇನ್ನೊಂದು ಮಾತು, ಮರೆಯಬೇಡ. ಆ ಮಾತ್ರೆ ನುಂಗುವಾಗ ಬಾವಿಕಟ್ಟೆ ಹತ್ತಿರದ ಚಕ್ಕೋತ ಕೊಡಲೇಬೇಡ. ಅದರಿಂದ ರಕ್ತದಲ್ಲಿ ಔಷಧಿ ಮಿತಿ ಮೀರಿ ಏರುತ್ತದೆ. ಅಪ್ಪಯ್ಯ ಉಪ್ಪು ಮೆಣಸಿನಪುಡಿ ಹಚ್ಚಿಕೊಂಡು ತೊಳೆ ತೊಳೆ ತಿನ್ನುವುದು ನನಗೆ ಗೊತ್ತಿಲ್ವಾ? ಬೇಜಾರಾಗುತ್ತದೆ, ಆದರೂ ಬೇಡ. ಗುಣ ಕಾಣಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಜ್ವರ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಶಿವಮೊಗ್ಗಕ್ಕೆ ಹೊರಡಿ.

ಇಲ್ಲಿ ಯಾರಾದರೂ ರಕ್ತ ಕೊಟ್ಟರೆ, ಅದನ್ನು ರೋಗಿಗೆ ಹಾಕಿದಾಗ ಕೊಟ್ಟವರ ಮೊಬೈಲಿಗೆ ಮೆಸೇಜ್ ಬರುತ್ತದೆ! ನನ್ನ ಆಫೀಸಿನ ಹುಡುಗಿ ಅದನ್ನು ತೋರಿಸಿ ಕಣ್ಣು ಒರೆಸಿಕೊಂಡಳು. ನಾನು ಅವಳಿಗೆ ನಮ್ಮ ಮಂಜುವಿನ ಕಥೆ ಹೇಳಿದೆ. ಆ ಮಳೆಯಲ್ಲಿ, ರಾತ್ರಿ ಹತ್ತಕ್ಕೆ, ಮೂವರು ಹುಡುಗರನ್ನು ಕರೆದುಕೊಂಡು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ರಕ್ತ ಕೊಟ್ಟು ಬಂದನಲ್ಲ. ಅವನಿಗೆ ಯಾರೂ ಮೆಸೇಜ್ ಕಳಿಸಲಿಲ್ಲ. ನೀನು ಕರೆದು ಊಟ ಹಾಕು.

ದುಡ್ಡಿಗೆ ಯೋಚಿಸಬೇಡ. ಅಡಿಕೆಯನ್ನು ಈಗಲೇ ಕೊಡುವುದು ಬೇಡ, ಈ ತಿಂಗಳದ್ದು ಹಾಕಿದ್ದೇನೆ. ನಾನು ಚೆನ್ನಾಗಿದ್ದೇನೆ, ಊಟ ಸರಿಯಾಗಿ ಮಾಡುತ್ತಿದ್ದೇನೆ, ನಿಜವಾಗಲೂ. ಡಿಸೆಂಬರಿಗೆ ಟಿಕೆಟ್ ಆಗಿದೆ. ಬೆಳಗ್ಗೆ ಬೇಗ ಏಳಬೇಕು, ನಿಲ್ಲಿಸುತ್ತೇನೆ. ಚಕ್ಕೋತ ಬೇಡ.

ನಿನ್ನ
ವೀಣಾ