ರಕ್ತ ತೆಳು ಮಾಡುವ ಮಾತ್ರೆ: ಏಕೆ, ಎಷ್ಟು ದಿನ ಎಂದು ಬರೆದುಕೊಡಿ

ಮಾನ್ಯ ಸಂಪಾದಕರೇ,

71 ವರ್ಷದ ನನ್ನ ತಂದೆಯವರಿಗೆ ಈಚೆಗೆ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಮೂರನೆಯ ದಿನ ಎದೆಬಡಿತ ತಾಳ ತಪ್ಪಿತು. ಔಷಧಿ ಕೊಟ್ಟ ಮೇಲೆ ಮರುದಿನ ಸರಿಹೋಯಿತು. ಮನೆಗೆ ಕಳುಹಿಸುವಾಗ ಕೊಟ್ಟ ಚೀಟಿಯಲ್ಲಿ ಒಂದು ಹೊಸ ಮಾತ್ರೆ ಸೇರಿತ್ತು. ‘ಇದು ರಕ್ತ ತೆಳು ಮಾಡುವುದಕ್ಕೆ’ ಎಂದರು, ಅಷ್ಟೆ.

ಊರಿಗೆ ಬಂದ ಅಪ್ಪ ಅದನ್ನು ಮುಟ್ಟಲಿಲ್ಲ. ‘ಆಪರೇಷನ್‌ನಲ್ಲಿ ಹೋದ ರಕ್ತ ಸಾಲದೇ? ಉಳಿದದ್ದನ್ನೂ ನೀರು ಮಾಡಿಕೊಳ್ಳಬೇಕೇ?’ ಎಂದರು. ಬಡಿತ ಸರಿಹೋದ ಮೇಲೂ ಮಾತ್ರೆ ಏಕೆ ಎಂದು ಕೇಳಿದಾಗ ನನಗೂ ಉತ್ತರ ತಿಳಿದಿರಲಿಲ್ಲ. ಹೀಗೆ ನಾಲ್ಕು ದಿನ ಕಳೆಯಿತು. ನೆನೆದರೆ ಈಗಲೂ ಎದೆ ಝಲ್ ಎನ್ನುತ್ತದೆ.

ಕೊನೆಗೆ ನಮ್ಮ ತಾಲ್ಲೂಕಿನ ಹಿರಿಯ ವೈದ್ಯರೊಬ್ಬರು ಚೀಟಿಯ ಹಿಂಬದಿಯಲ್ಲಿ ಹೃದಯದ ಚಿತ್ರ ಬರೆದು ತೋರಿಸಿದರು. ಹೃದಯದ ಶಸ್ತ್ರಚಿಕಿತ್ಸೆಯಾದ ನೂರು ಜನರಲ್ಲಿ 20ರಿಂದ 40 ಮಂದಿಗೆ ಹೀಗೆ ಬಡಿತ ತಾಳ ತಪ್ಪುತ್ತದಂತೆ. ಮೇಲಿನ ಕೋಣೆ ಸರಿಯಾಗಿ ಮಿಡಿಯದೆ ಅದುರುತ್ತದೆ. ಎಡಗಡೆಯ ಪುಟ್ಟ ಚೀಲದಲ್ಲಿ ರಕ್ತ ಮಡುಗಟ್ಟಿ ಹೆಪ್ಪಾಗಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಮಾತ್ರೆಯಿಂದ ರಕ್ತ ನೀರಾಗುವುದಿಲ್ಲ, ಬೇಗ ಹೆಪ್ಪುಗಟ್ಟದಂತೆ ತಡೆಯುತ್ತದೆ ಅಷ್ಟೆ. ಅಪ್ಪನ ಭಯಕ್ಕೆಲ್ಲ ‘ತೆಳು’ ಎಂಬ ಆ ಒಂದು ಪದವೇ ಕಾರಣವಾಗಿತ್ತು.

ಬಳಿಕ ಬೆರಳು ಮಡಿಚಿ ಎಣಿಸಿದರು: ವಯಸ್ಸು 65 ದಾಟಿದ್ದಕ್ಕೆ ಒಂದು, ರಕ್ತದೊತ್ತಡಕ್ಕೆ ಒಂದು, ಸಕ್ಕರೆ ಕಾಯಿಲೆಗೆ ಒಂದು, ರಕ್ತನಾಳ ಕಟ್ಟಿಕೊಂಡದ್ದಕ್ಕೆ ಇನ್ನೊಂದು. ಎಣಿಕೆ ಏರಿದಷ್ಟೂ ಲಕ್ವದ ಅಪಾಯ ಹೆಚ್ಚು. ಆದರೆ ಮಾತ್ರೆಯಿಂದ ರಕ್ತಸ್ರಾವದ ಅಪಾಯವೂ ಇದೆ. ಎದೆಯ ಗಾಯ ಇನ್ನೂ ಹಸಿ, ಜೊತೆಗೆ ಆಸ್ಪಿರಿನ್ ಬೇರೆ. ಹೊಟ್ಟೆಹುಣ್ಣು ಇತ್ತೇ ಎಂದು ವಿಚಾರಿಸಿ, ಮೂತ್ರಪಿಂಡದ ಪರೀಕ್ಷೆ ಮಾಡಿಸಿ, ಶಸ್ತ್ರಚಿಕಿತ್ಸಕರೊಂದಿಗೆ ಫೋನಿನಲ್ಲಿ ಮಾತನಾಡಿದ ಮೇಲೆಯೇ ‘ಶುರು ಮಾಡಿ’ ಎಂದರು. 60 ದಿನಗಳ ನಂತರ ಇಸಿಜಿ ನೋಡಿ, ಮುಂದುವರಿಸಬೇಕೇ ಬೇಡವೇ ಎಂದು ತೀರ್ಮಾನಿಸೋಣ ಎಂದರು. ಹೀಗೆ ಬಂದು ಹೋಗುವ ತೊಂದರೆಗೆ ಎಲ್ಲರಿಗೂ ಮಾತ್ರೆ ಬೇಕೇ ಎಂಬುದರಲ್ಲಿ ವೈದ್ಯರಲ್ಲಿಯೇ ಒಮ್ಮತವಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಆ ಮಾತಿನಿಂದಲೇ ಅಪ್ಪನಿಗೆ ಅವರ ಮೇಲೆ ನಂಬಿಕೆ ಹುಟ್ಟಿತು. ಅಂದು ರಾತ್ರಿ ತಾವಾಗಿಯೇ ನೀರು ಕೇಳಿ ಮಾತ್ರೆ ನುಂಗಿದರು.

ನಮ್ಮ ಪಕ್ಕದ ಮನೆಯವರು ಇದೇ ಬಗೆಯ ಹಳೆಯ ಮಾತ್ರೆಯಾದ ವಾರ್ಫರಿನ್ ತೆಗೆದುಕೊಳ್ಳುತ್ತಾರೆ. ಸೊಪ್ಪು ಆ ಮಾತ್ರೆಯ ಪರಿಣಾಮ ತಗ್ಗಿಸುತ್ತದೆ ಎಂದು ಯಾರೋ ಹೇಳಿದರೆಂದು ಅದನ್ನು ತಿನ್ನುವುದನ್ನೇ ಬಿಟ್ಟಿದ್ದರು. ದಿನವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ತಿಂದರೆ ಸಾಕು ಎಂದು ಅವರಿಗೆ ಹೇಳಿದವರಿಲ್ಲ. ಮಂಡಿನೋವಿಗೆ ಔಷಧಿ ಅಂಗಡಿಯ ಮಾತ್ರೆ ನುಂಗಿದರೆ ರಕ್ತಸ್ರಾವ ಹೆಚ್ಚಬಹುದು ಎಂದು ಎಚ್ಚರಿಸಿದವರೂ ಇಲ್ಲ.

ಆಸ್ಪತ್ರೆಗಳಲ್ಲಿ ನನ್ನ ಕೋರಿಕೆ ಇಷ್ಟು. ಈ ಮಾತ್ರೆ ಕೊಟ್ಟು ಕಳುಹಿಸುವಾಗ ಅದು ಏಕೆ, ಎಷ್ಟು ದಿನ, ನಿಲ್ಲಿಸುವುದನ್ನು ಯಾರು ತೀರ್ಮಾನಿಸುತ್ತಾರೆ, ಮಲ ಕಪ್ಪಾದರೆ ಅಥವಾ ತಲೆಗೆ ಪೆಟ್ಟಾದರೆ ಎಲ್ಲಿಗೆ ಓಡಬೇಕು ಎಂಬುದನ್ನು ಕನ್ನಡದಲ್ಲಿ ಬರೆದುಕೊಡಲಿ. ರೋಗಿಯ ಪ್ರಶ್ನೆ ಕೇಳಲು ಹತ್ತು ನಿಮಿಷ ಕೂರಲಿ. ಆರೋಗ್ಯ ಇಲಾಖೆ ಇದನ್ನು ಕಡ್ಡಾಯ ಮಾಡಲಿ.

– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ