ಊರುಗೋಲಿನ ಯೋಧನಿಗೆ ಒಂದು ಕುರ್ಚಿ ಇರಲಿಲ್ಲವೇ?

ಮಾನ್ಯ ಸಂಪಾದಕರೇ,

ಮೊನ್ನೆ ಹಾಸನದಲ್ಲಿ ನಡೆದ ಕಾರ್ಗಿಲ್ ವಿಜಯ ದಿನದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಗಣ್ಯರು ಸಾಲಾಗಿ ನಿಂತು ಕಾರ್ಗಿಲ್ ಯುದ್ಧದಲ್ಲಿ ಮಡಿದ ಕ್ಯಾಪ್ಟನ್ ವಿಕ್ರಮ್ ಬಾತ್ರಾ ಅವರ ಭಾವಚಿತ್ರಕ್ಕೆ ಹೂ ಹಾಕುತ್ತಿರುವ ಫೋಟೊ ದೊಡ್ಡದಾಗಿ ಬಂದಿದೆ. ಅದೇ ಹೊತ್ತಿನಲ್ಲಿ ಪಕ್ಕದ ಗೋಡೆಗೆ ಒರಗಿ, ಊರುಗೋಲಿನ ಮೇಲೆ ಭಾರ ಹಾಕಿ ನಿಂತಿದ್ದವರು ಮಾಜಿ ಸೈನಿಕರಾದ ನಮ್ಮ ಯಜಮಾನರು. ಅವರು ಫೋಟೊದಲ್ಲೂ ಇಲ್ಲ, ವರದಿಯಲ್ಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಫೋನ್ ಮಾಡಿ ಕರೆದವರು ಕಾರ್ಯಕ್ರಮ ಮಾಡಿದವರೇ. ಹತ್ತು ಗಂಟೆಗೆ ಸರಿಯಾಗಿ ಬನ್ನಿ, ಪದಕ ಹಾಕಿಕೊಂಡು ಬನ್ನಿ ಎಂದರು. ಈ ಮಳೆಗಾಲದಲ್ಲಿ ಆಲೂರು ಕಡೆಯ ಹಳ್ಳಿಯಿಂದ ಹೊರಟು ಹಾಸನ ಸೇರುವುದೆಂದರೆ ಏನು ಪಾಡು ಎಂದು ಕರೆದವರಿಗೆ ಗೊತ್ತಿಲ್ಲ. ಹಸು ಕರೆಯುವುದನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಸೂರಿಲ್ಲದ ಬಸ್ ಸ್ಟಾಪಿನಲ್ಲಿ ಒಂದೇ ಛತ್ರಿಯಡಿ ಇಬ್ಬರೂ ನೆನೆದು, ತುಂಬಿದ ಬಸ್ಸಿನಲ್ಲಿ ನಿಂತುಕೊಂಡೇ ಬಂದೆವು. ಮಳೆ ಎಂದು ಆಟೊದವರು ಡಬಲ್ ಕೇಳಿದರು, ಕೊಟ್ಟೆವು. ಅಲ್ಲಿಗೆ ಹೋದರೆ ಸಭಾಂಗಣಕ್ಕೆ ಅಷ್ಟೆತ್ತರದ ಮೆಟ್ಟಿಲು, ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಮೇಲೆ ನೆನೆದ ಮ್ಯಾಟ್ ಬೇರೆ, ಜಾರಿ ಬೀಳಲಿ ಎಂದೇ ಹಾಸಿದ ಹಾಗೆ.

ಮುಂದಿನ ಸಾಲಿನ ಕುರ್ಚಿಗಳಿಗೆಲ್ಲ ‘ಗಣ್ಯರಿಗೆ’ ಎಂದು ಚೀಟಿ ಅಂಟಿಸಿದ್ದರು. ಬ್ಯಾಡ್ಜ್ ಹಾಕಿದ ಒಬ್ಬ ಹುಡುಗ ಬಂದು ‘ತಾತ, ಹಿಂದೆ ಹೋಗಿ’ ಎಂದ. ಹಿಂದೆಲ್ಲ ಶಾಲಾ ಮಕ್ಕಳು, ಪಾಪ, ಒದ್ದೆ ಯೂನಿಫಾರ್ಮಿನಲ್ಲಿ ನಡುಗುತ್ತಾ ಕೂತಿದ್ದರು. ಅವರನ್ನು ಎಬ್ಬಿಸಿ ಕೂರಲು ಯಜಮಾನರು ಒಪ್ಪಲಿಲ್ಲ. ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡೂವರೆಗೆ. ಅಲ್ಲಿಯವರೆಗೂ ಇವರು ನಿಂತಿದ್ದರು, ಆಮೇಲೂ ನಿಂತಿದ್ದರು. ಗಣ್ಯರ ಸಾಲಿನಲ್ಲಿ ಅರ್ಧಕ್ಕರ್ಧ ಕುರ್ಚಿ ಕೊನೆಯವರೆಗೂ ಖಾಲಿ. ಒಂದು ಚೀಟಿ ಕಿತ್ತು ‘ಬನ್ನಿ ಸ್ವಾಮಿ, ಕೂತ್ಕೊಳ್ಳಿ’ ಎನ್ನುವವರು ಅಷ್ಟು ಜನರಲ್ಲಿ ಒಬ್ಬರೂ ಇರಲಿಲ್ಲ.

ಅಂದು ನೆನೆಯಲು ಸೇರಿದ್ದು ಯಾರನ್ನು? ಭಾಷಣಕಾರರೊಬ್ಬರು ‘ಯೇ ದಿಲ್ ಮಾಂಗೇ ಮೋರ್’ (ಈ ಮನಸ್ಸಿಗೆ ಇನ್ನೂ ಬೇಕು) ಎಂದು ಮಕ್ಕಳಿಂದ ಮತ್ತೆ ಮತ್ತೆ ಕೂಗಿಸಿದರು. ಅದು 1999ರ ಜೂನ್ 20ರಂದು 5140 ಎಂಬ ಶಿಖರ (ಮೀಟರ್ ಲೆಕ್ಕದ ಎತ್ತರವೇ ಅದರ ಹೆಸರು) ಗೆದ್ದಾಗ ಬಾತ್ರಾ ಕಳಿಸಿದ ವಿಜಯದ ಸಂಕೇತ. ಆ ಹುಡುಗ ಪ್ರಾಣ ಕೊಟ್ಟದ್ದು ಜುಲೈ 7ರಂದು, 4875 ಶಿಖರದಲ್ಲಿ, ಸುಮಾರು 16,000 ಅಡಿ ಎತ್ತರದಲ್ಲಿ. ಗುಂಡು ತಗುಲಿ ಬಿದ್ದಿದ್ದ ಸಂಗಾತಿಯನ್ನು ಎತ್ತಿ ತರಲು ಹೋಗಿ! ಜೊತೆಗಿದ್ದ ಸುಬೇದಾರರು ಮುಂದಾದಾಗ, ನಿಮಗೆ ಹೆಂಡತಿ ಮಕ್ಕಳಿದ್ದಾರೆ ಎಂದು ಅವರನ್ನು ಹಿಂದಕ್ಕೆ ಸರಿಸಿ ತಾವೇ ಹೋದರೆಂದು ಹೇಳುತ್ತಾರೆ. ಇಪ್ಪತ್ತೈದು ಕೂಡ ತುಂಬಿರಲಿಲ್ಲ. ಅದೇ ಶಿಖರದ ಕಾದಾಟದಲ್ಲಿ ಗ್ರೆನೇಡಿಗೆ ಸಿಕ್ಕಿ ಕಾಲು ಜರ್ಝರಿತವಾಗಿದ್ದ ನಮ್ಮ ಕರ್ನಾಟಕದ ಸೇನಾಧಿಕಾರಿ ನವೀನ್ ನಾಗಪ್ಪ ಅವರನ್ನು ಎಳೆದು ತಂದು ಉಳಿಸಿದವರೂ ಇದೇ ಬಾತ್ರಾ. ಕನ್ನಡದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸಂಗತಿ ಬೇಕೇ? ವೇದಿಕೆಯ ಮೇಲಿದ್ದ ಒಬ್ಬರ ಬಾಯಲ್ಲೂ ಇದು ಬರಲಿಲ್ಲ. ಬಂಕರ್ ಒಡೆಯಲು ಹೋಗಿ ಸತ್ತರು ಎಂದು ಹೇಳಿ ಮುಗಿಸಿದರು.

ನಮ್ಮ ಯಜಮಾನರ ಕಾಲಿಗೆ ಪೆಟ್ಟು ಬಿದ್ದ ದಿನ ಜೊತೆಗಿದ್ದ ಇಬ್ಬರು ಸೈನಿಕರು ಹೆಗಲ ಮೇಲೆ ಹೊತ್ತು ತಂದರು. ಒಬ್ಬರು ತಮಿಳಿನವರು, ಒಬ್ಬರು ಪಂಜಾಬಿನವರು. ಕಾಲು ಹೋಯಿತು, ಜೀವ ಉಳಿಯಿತು. ಹಾಗಾಗಿ ಬಾತ್ರಾ ಹೆಸರೆತ್ತಿದರೆ ಇವರ ಕಣ್ಣು ತುಂಬುತ್ತದೆ, ಎಷ್ಟೇ ಮಳೆಯಿದ್ದರೂ ಹೋಗಲೇಬೇಕು ಎಂದು ಹಟ ಹಿಡಿದದ್ದೂ ಅದಕ್ಕೇ. ಗಾಯಗೊಂಡವನನ್ನು ಬಿಟ್ಟು ಬರಲಾರೆ ಎಂದು ಸತ್ತವನ ಫೋಟೊದ ಮುಂದೆ, ಗಾಯಗೊಂಡು ಬದುಕಿ ಬಂದವನನ್ನು ಗಂಟೆಗಟ್ಟಲೆ ನಿಲ್ಲಿಸಿಬಿಟ್ಟಿರಲ್ಲ, ಕಾರ್ಯಕ್ರಮ ಮಾಡಿದವರೇ, ನಿಮಗೆ ಏನೂ ಅನ್ನಿಸಲಿಲ್ಲವೇ?

2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಸಿಕ್ಕಿ ಮಡಿದ 10 ಯೋಧರಲ್ಲಿ ಹಾಸನ ತಾಲ್ಲೂಕಿನ ತೇಜೂರಿನ ಸುಬೇದಾರ್ ನಾಗೇಶ್ ಒಬ್ಬರು. ಬಸ್ ಹತ್ತಿದರೆ ಸಿಗುವ ಊರು. ಅವರ ಹೆಸರನ್ನಾದರೂ ಹೇಳಬೇಡವೇ? ಫ್ಲೆಕ್ಸಿನಲ್ಲಿ ಮಾತ್ರ ಯಾರ‍್ಯಾರದೋ ಕೈ ಮುಗಿದ ಫೋಟೊಗಳು, ಬಾತ್ರಾ ಮೂಲೆಯಲ್ಲಿ ಅಂಗೈಯಗಲ. ಕೊನೆಗೆ ಮಾಜಿ ಸೈನಿಕರಿಗೆ ಸನ್ಮಾನ ಎಂದು ಒಟ್ಟಿಗೆ ಕರೆದರು. ಗಣ್ಯರಿಗೆ ಹೊದಿಸಿ ಮುಗಿಯುವಷ್ಟರಲ್ಲಿ ಶಾಲು ಖಾಲಿ. ಇವರು ಮೆಟ್ಟಿಲು ಹತ್ತಿದ್ದೂ ದಂಡ, ಇಳಿದದ್ದೂ ದಂಡ.

ಈ ಸರ್ಕಾರಿ ಕಚೇರಿಗಳ ಬುದ್ಧಿ ನಮಗೆ ಹೊಸದಲ್ಲ. ಮಾಜಿ ಸೈನಿಕರ ಕೋಟಾದಲ್ಲಿ ಜಮೀನಿಗೆ ಹಾಕಿದ ಅರ್ಜಿ ಎಲ್ಲಿದೆ ಎಂದು ಕೇಳಿದರೆ ಸರ್ವೆಯವರನ್ನು ಕೇಳಿ ಎನ್ನುತ್ತಾರೆ, ಸರ್ವೆಯವರು ಫೈಲು ಮೇಲೆ ಹೋಗಿದೆ ಎನ್ನುತ್ತಾರೆ. ಆ ಸಾಹೇಬರು ವರ್ಗವಾದರು, ಮತ್ತೊಬ್ಬರು ಬಂದರು, ಅರ್ಜಿ ಇದ್ದಲ್ಲೇ ಇದೆ. ನವೆಂಬರ್ ಬಂದರೆ ಪಿಂಚಣಿಗೆ ಜೀವಿತ ಪ್ರಮಾಣಪತ್ರ, ಇವರ ಸವೆದ ಬೆರಳಿನ ಗುರುತು ಮಿಷಿನ್ನು ಹಿಡಿಯುವುದಿಲ್ಲ, ನಾಳೆ ಬನ್ನಿ ಎನ್ನುತ್ತಾರೆ. ನಮ್ಮೂರಿನ ರಸ್ತೆ ಕಿತ್ತುಹೋಗಿ ಯಾವ ಕಾಲವಾಯಿತೋ. ಅಂದು ಕಾರ್ಯಕ್ರಮ ಮುಗಿಸಿ ವಾಪಸ್ ಬರುವಾಗ ಆಟೊ ಸಿಕ್ಕದೆ ಕತ್ತಲಲ್ಲಿ ಆ ಗುಂಡಿಗಳ ನಡುವೆ ಇವರನ್ನು ಹಿಡಿದುಕೊಂಡು ನಡೆಸಿದವಳು ನಾನು, ಕೇಳಿ.

ಮುಂದಿನ ವರ್ಷ ಮಾಜಿ ಸೈನಿಕರಿಗೆ ಮೊದಲ ಸಾಲು ಬಿಡಿ. ಮೆಟ್ಟಿಲಿಗೆ ಕಂಬಿ ಹಾಕಿಸಿ, ನಮ್ಮ ಬಸ್ ಸ್ಟಾಪಿಗೆ ಸೂರು ಹಾಕಿಸಿ, ಆ ಜಮೀನಿನ ಫೈಲನ್ನೂ ಹುಡುಕಿ. ಬಾತ್ರಾ ಹೇಗೆ ಸತ್ತರು ಎಂದು ಓದಿಕೊಂಡು ಬಂದವರಿಗೆ ಮಾತ್ರ ಮೈಕ್ ಕೊಡಿ. ಇದಾವುದೂ ಆಗುವುದಿಲ್ಲ ಎಂದರೆ ನಮ್ಮನ್ನು ಕರೆಯಬೇಡಿ, ಕಾರ್ಯಕ್ರಮವನ್ನೂ ಮಾಡಬೇಡಿ. ಮಾಡದೆ ಬಿಟ್ಟರೂ ನಾವು ಸುಮ್ಮನಿರುವವರಲ್ಲ. ಸಂಬಂಧಪಟ್ಟವರಿಗೆ ಸ್ವಲ್ಪವಾದರೂ ನಾಚಿಕೆ ಇರಬೇಕು.

– ಮಾಜಿ ಸೈನಿಕರೊಬ್ಬರ ಪತ್ನಿ, ಆಲೂರು ತಾಲ್ಲೂಕು