ಮಗಳಿಗೊಂದು ಪತ್ರ: ಮೊದಲು ಅಂಗಡಿಗೆ ಹೋಗಿ ನೋಡು

ಪ್ರೀತಿಯ ಪುಟ್ಟಿ,

ನಿಮ್ಮ ಟೀಮಿನಲ್ಲಿ ಡಿಸೈನರ್ ಇಲ್ಲ, ಮೆಡಿಕಲ್ ಶಾಪ್‌ಗಳ ಬಿಲ್ಲಿಂಗ್ ಆ್ಯಪ್‌ನ ಸ್ಕ್ರೀನ್‌ಗಳನ್ನೂ ಇನ್ನು ಮೇಲೆ ನೀನೇ ಮಾಡಬೇಕು ಅಂದೆಯಲ್ಲ. 'ನಂಗೆ ಕೋಡ್ ಬರುತ್ತೆ ಅಮ್ಮ, ಬಣ್ಣ ಗಿಣ್ಣ ಗೊತ್ತಾಗಲ್ಲ' ಅಂದೆ. ನಾನೂ ಇದೇ ಸಾಫ್ಟ್‌ವೇರ್ ಕೆಲಸದಲ್ಲಿ ಇರುವವಳು. ಫೋನಿನಲ್ಲಿ ಮುಗಿಯದ ಮಾತು ಅಂತ ಬರೆಯುತ್ತಿದ್ದೇನೆ.

ಬಣ್ಣ ಆಮೇಲೆ. ಮೊದಲು ಒಂದು ಹಳೇ ಸಂಗತಿ ಕೇಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಚೆನ್ನಾಗಿಯೇ ನೆಲಕ್ಕಿಳಿಯುತ್ತಿದ್ದವು. ಆಮೇಲೆ ಕೆಲವೊಮ್ಮೆ ಪೈಲಟ್ ರೆಕ್ಕೆಯ ಹಿಂಬದಿಯ ಹಲಗೆಯನ್ನು, ಅಂದರೆ ಫ್ಲ್ಯಾಪನ್ನು, ಎತ್ತಲು ಹೋಗಿ ಚಕ್ರಗಳನ್ನೇ ಒಳಗೆಳೆದುಬಿಡುತ್ತಿದ್ದ. ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಪೈಲಟ್‌ನದೇ ತಪ್ಪು ಅನ್ನುತ್ತಿದ್ದರು. ಆಲ್ಫಾನ್ಸ್ ಚಪಾನಿಸ್ ಎಂಬ ಮನಃಶಾಸ್ತ್ರಜ್ಞರು ಕಾಕ್‌ಪಿಟ್ ನೋಡಿದರು. ಎರಡೂ ಸ್ವಿಚ್ಚುಗಳು ಪಕ್ಕಪಕ್ಕದಲ್ಲೇ ಇದ್ದವು, ನೋಡಲು ಒಂದೇ ಥರ. ಚಕ್ರದ ಸ್ವಿಚ್ಚಿನ ತುದಿಗೆ ಪುಟ್ಟ ಚಕ್ರದ ಆಕಾರ, ಫ್ಲ್ಯಾಪಿನದಕ್ಕೆ ಬೆಣೆಯ ಆಕಾರ ಕೊಡಿಸಿದರು. ಕೈಗೇ ಗೊತ್ತಾಗುವಂತಾಯಿತು.

'ಯೂಸರ್‌ಗೆ ಬಳಸೋಕೆ ಬರಲ್ಲ' ಅಂತ ನಿಮ್ಮಲ್ಲಿ ಗ್ರಾಹಕರ ದೂರಿನ ಟಿಕೆಟ್ ಮುಚ್ಚುತ್ತಾರಲ್ಲ, ಅವನ್ನೆಲ್ಲ ಮತ್ತೆ ತೆಗೆದು ಓದು. ನಿನಗೆ ಕೆಲಸ ಅಲ್ಲೇ ಸಿಗುತ್ತದೆ.

ಆಮೇಲೆ ಅಂಗಡಿಗೆ ಹೋಗು. ಸಂಜೆ ಜನ ಜಾಸ್ತಿ ಇರುವಾಗ ಕೌಂಟರ್ ಹಿಂದೆ ಸುಮ್ನೆ ನಿಂತು ನೋಡು. ಬಿಡುವಾದಾಗ ಒಂದು ಕೆಲಸ ಕೊಡು: 'ಈ ಚೀಟಿಗೆ ಬಿಲ್ ಮಾಡಿ, ಒಂದು ಸ್ಟ್ರಿಪ್ ವಾಪಸ್ ತಗೊಳ್ಳಿ.' ಯಾವ ಬಟನ್ ಅಂತ ಮಾತ್ರ ಹೇಳಬೇಡ. ಬೆರಳು ಎಲ್ಲಿ ತಡೆಯಿತು, ಎಲ್ಲಿ ಹಿಂದೆ ಹೋದರು, ಬರೆದುಕೋ. ಕೋಡ್ ಬರೆದವರಿಗೆ ಇದು ತುಂಬಾ ಕಷ್ಟ. 'ಅಲ್ಲೇ ಇದೆಯಲ್ಲ!' ಅಂತ ಬಾಯಿಗೆ ಬಂದೇ ಬರುತ್ತದೆ. ತಡೆದುಕೋ. ಐದು ಜನರನ್ನು ನೋಡಿದರೆ ಹೆಚ್ಚಿನ ತೊಂದರೆಗಳು ಕಾಣುತ್ತವೆ ಅಂತ ಬಳಕೆಯ ಸುಲಭತೆಯನ್ನು ಪರೀಕ್ಷಿಸುವ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿ ಬರೆದರು. ಆದರೆ ಅಂಗಡಿಯ ಓನರ್ ನೋಡುವ ಆ್ಯಪ್ ಬೇರೆ, ಕೌಂಟರ್ ಹುಡುಗ ನೋಡುವುದೇ ಬೇರೆ. ಇಬ್ಬರನ್ನೂ ನೋಡು. ತಿದ್ದಿದ ಮೇಲೆ ಹೊಸಬರಿಗೆ ತೋರಿಸು.

ಕೋಡ್ ಗೊತ್ತಿರುವುದು ನಿನಗೆ ಇಲ್ಲಿ ದೊಡ್ಡ ಬಲ, ಪುಟ್ಟಿ. ಎಲ್ಲ ಸರಿಯಾಗಿ ನಡೆದಾಗಿನ ಸ್ಕ್ರೀನ್ ಯಾರಾದರೂ ಬರೆಯುತ್ತಾರೆ. ನೆಟ್ ಹೋದರೆ? ಸ್ಟಾಕ್ ಖಾಲಿಯಿದ್ದರೆ? ಸರ್ವರ್ ನಿಧಾನವಾದರೆ? ಇವೆಲ್ಲ ನಿನಗೆ ದಿನಾ ಕಾಣುವ ಸಂಗತಿಗಳು. ಒತ್ತಿದ್ದಕ್ಕೆ ಉತ್ತರ ಬರಲು ಒಂದು ಸೆಕೆಂಡ್ ದಾಟಿದರೆ ಯೋಚನೆಯ ಎಳೆ ತುಂಡಾಗುತ್ತದೆ, ಹತ್ತು ದಾಟಿದರೆ ಗಮನವೇ ಬೇರೆ ಕಡೆ ಹೋಗುತ್ತದೆ. ಬಿಲ್ ಸೇವ್ ಆಯಿತೋ ಇಲ್ಲವೋ ಗೊತ್ತಾಗದಿದ್ದರೆ ಹುಡುಗ ಮತ್ತೆ ಒತ್ತುತ್ತಾನೆ, ಎರಡು ಬಿಲ್ ಆಗುತ್ತದೆ. ಅಳಿಸುವ ಮುಂಚೆ 'ಖಚಿತವೇ?' ಅಂತ ಪದೇ ಪದೇ ಕೇಳಿದರೆ ಓದದೇ ಹೌದು ಅನ್ನುತ್ತಾರೆ. ಅದರ ಬದಲು ಅಳಿಸಿದ್ದನ್ನು ವಾಪಸ್ ತರುವ ಬಟನ್ ಕೊಡು. ಡೇಟಾಬೇಸ್‌ನಲ್ಲಿ ಅದನ್ನು ಹೇಗೆ ಮಾಡಬೇಕು ಅಂತ ನಿನಗೆ ಗೊತ್ತು, ಅಲ್ವಾ?

ಇನ್ನು ಬಣ್ಣ. ಅಭಿರುಚಿ ಬೇಡ, ಅಳತೆ ಸಾಕು. ಸಾಮಾನ್ಯ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢದ ಅಂತರ, ಕನಿಷ್ಠ 4.5:1 ಇರಲಿ. ಅವಧಿ ಮುಗಿದ ಔಷಧಿಗೆ ಬರೀ ಕೆಂಪು ಬಳಿದು ಬಿಡಬೇಡ. ಕೆಂಪು, ಹಸಿರಿನ ವ್ಯತ್ಯಾಸ ಕಾಣದವರು ಇದ್ದಾರೆ, ಪಕ್ಕದಲ್ಲಿ ಪದವೂ ಇರಲಿ.

ಕನ್ನಡ ಸ್ಕ್ರೀನ್ ಬಗ್ಗೆ ನನಗೆ ಕಾಳಜಿ ಜಾಸ್ತಿ. ಗುಡಿಸು ಮೇಲೇರುತ್ತದೆ, ಒತ್ತಕ್ಷರ ಕೆಳಗಿಳಿಯುತ್ತದೆ. ಇಂಗ್ಲಿಷಿಗೆ ಅಳೆದ ಸಾಲಿನ ಎತ್ತರದಲ್ಲಿ ಒತ್ತು ಕತ್ತರಿಸಿಹೋಗುತ್ತದೆ. ಪದಗಳೂ ಉದ್ದ. ಆದ್ದರಿಂದ ಕನ್ನಡವನ್ನು ಕೊನೆಗೆ ಸೇರಿಸಬೇಡ, ಮೊದಲ ದಿನದಿಂದಲೇ ಕನ್ನಡದಲ್ಲೇ ಬಟನ್ ಮಾಡಿ ನೋಡು. ಚಿಕ್ಕ ಫೋನಿನಲ್ಲಿ ತೆಗೆದ ಸ್ಕ್ರೀನ್‌ಶಾಟ್ ನನಗೆ ಕಳಿಸು, ಎಲ್ಲಿ ಒತ್ತು ಹೋಗಿದೆ ಅಂತ ಕೂತು ನೋಡುತ್ತೇನೆ. ವಾಪಸ್ ತಗೊಳ್ಳುವ ಬಿಲ್ಲಿನ ಸ್ಕ್ರೀನ್ ಮೊದಲು ಬರಲಿ.

ಪ್ರೀತಿಯಿಂದ,
ಅಮ್ಮ